ಗೂಡ್ಸ್ ಗಾಡಿ ಹತ್ತಿದ ಭಕ್ತರು: ರಾಮದುರ್ಗ ಸೀಮೆಯಲ್ಲಿ ನಿರ್ಲಕ್ಷ್ಯದ ಸಾವು ಮತ್ತು ವಾರಸುದಾರರ ಹಕ್ಕು

1. ಘಟನೆ ಮತ್ತು ಪ್ರಶ್ನೆ

2023ರ ಜನವರಿ 5, ಬನದ ಹುಣ್ಣಿಮೆಯ ಹಿಂದಿನ ದಿನ. ನಡುರಾತ್ರಿ ದಾಟಿದ ಹೊತ್ತು. ರಾಮದುರ್ಗ ತಾಲೂಕಿನ ಹುಲಕುಂದದಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರನ್ನು ಕೂಡಿಸಿಕೊಂಡ ಬೊಲೆರೊ ಗೂಡ್ಸ್ ವಾಹನ ಚುಂಚನೂರಿನ ವಿಠ್ಠಲ-ಬೀರದೇವರ ಗುಡಿಯ ಸಮೀಪ ಆಲದ ಮರಕ್ಕೆ ಅಪ್ಪಳಿಸಿತು. ಆರು ಜನ ತೀರಿಕೊಂಡರು, ಹಲವರು ಗಾಯಗೊಂಡರು. ಅವರು ನಡೆದುಕೊಂಡೇ ಹೊರಟಿದ್ದರು, ದಾರಿಯಲ್ಲಿ ಈ ವಾಹನ ಹತ್ತಿದರು ಎಂದು ಪತ್ರಿಕೆಗಳು ವರದಿ ಮಾಡಿದವು. ಆಗಿನ ಜಿಲ್ಲಾ ಉಸ್ತುವಾರಿ ಸಚಿವ ಗೋವಿಂದ ಕಾರಜೋಳ ಅವರು ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು.

ಸಾಲಹಳ್ಳಿ, ಹುಲಕುಂದ, ಕಟಕೋಳ, ಚುಂಚನೂರ ಸೀಮೆಯ ಜನರಿಗೆ ಯಲ್ಲಮ್ಮನ ಗುಡ್ಡದ ದಾರಿ ತಲೆಮಾರುಗಳಿಂದ ಗೊತ್ತಿದ್ದದ್ದು. ಹುಣ್ಣಿಮೆ ಬಂತೆಂದರೆ ಚಕ್ಕಡಿ, ಟ್ರ್ಯಾಕ್ಟರ್ ಟ್ರೇಲರ್, ಟಂಟಂ, ಗೂಡ್ಸ್ ಗಾಡಿ ಎಲ್ಲವೂ ಆ ಕಡೆಗೇ ಮುಖ ಮಾಡುತ್ತವೆ. ಹಾಗಾಗಿ ಈ ಅಪಘಾತವನ್ನು ಒಂದು ರಾತ್ರಿಯ ದುರ್ದೈವವೆಂದು ಬದಿಗಿಡಲಾಗದು. ಇಂಥ ಸಾವು ಮತ್ತೆ ಯಾವ ಮನೆಗಾದರೂ ಬರಬಹುದು.

ಸಚಿವರು ಘೋಷಿಸುವ ಹಣ ಸರ್ಕಾರದ ಸಹಾಯ. ಅದು ಬಂದ ಮೇಲೂ ಕಾನೂನು ಈ ಕುಟುಂಬಗಳಿಗೆ ಏನು ಸಲ್ಲಿಸಬೇಕು, ಯಾರಿಂದ, ಎಷ್ಟು ದಿನದೊಳಗೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಆ ಆರು ಮನೆಗಳ ಖಾಸಗಿ ವಿವರಗಳಿಗೆ ನಾನು ಕೈಹಾಕುವುದಿಲ್ಲ. ಅಪಘಾತದ ಸ್ವರೂಪವನ್ನಷ್ಟೇ ಎದುರಿಗಿಟ್ಟುಕೊಂಡು ಕಾನೂನನ್ನು ಓದುತ್ತೇನೆ. ಓದಿ ನಾನು ತಲುಪಿದ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಇಂಥ ಕುಟುಂಬಗಳ ಕೈತಪ್ಪುವ ಹಣದ ಬಹುಪಾಲು ತೀರ್ಪಿನ ದಿನಕ್ಕಿಂತ ಬಹಳ ಮೊದಲು, ಸೂತಕದ ದಿನಗಳಲ್ಲಿ ಬರೆಯುವ ಕಾಗದಗಳಲ್ಲೇ ಕೈತಪ್ಪುತ್ತದೆ.

2. ಸಾವು ಒಂದು, ಪ್ರಕರಣ ಎರಡು

ಹಳ್ಳಿಯಲ್ಲಿ 'ಕೇಸ್ ಆಗೇತಿ' ಎಂದರೆ ಪೊಲೀಸ್ ಕೇಸು. ಅದು ಚಾಲಕನ ಮೇಲಿನ ಕ್ರಿಮಿನಲ್ ಪ್ರಕರಣ. 2023ರಲ್ಲಿ ಅದಕ್ಕೆ ಭಾರತೀಯ ದಂಡ ಸಂಹಿತೆಯ ಕಲಂ 304-ಎ ಅನ್ವಯಿಸುತ್ತಿತ್ತು. ಗರಿಷ್ಠ ಶಿಕ್ಷೆ ಎರಡು ವರ್ಷ. 2024ರ ಜುಲೈ 1ರ ನಂತರದ ಸಾವುಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1) ಅನ್ವಯಿಸುತ್ತದೆ; ಗರಿಷ್ಠ ಐದು ವರ್ಷ. ಈ ಪ್ರಕರಣ ನಡೆಸುವುದು ಸರ್ಕಾರ. ಕುಟುಂಬದವರು ಅದರಲ್ಲಿ ಸಾಕ್ಷಿಗಳು.

ಪರಿಹಾರದ ಅರ್ಜಿ ಬೇರೆಯದೇ. ಅದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಮೋಟಾರು ವಾಹನ ಕಾಯ್ದೆ, 1988ರ ಕಲಂ 166ರಡಿ ವಾರಸುದಾರರೇ ಹಾಕಬೇಕು. ಅಪಘಾತವಾದ ಜಾಗ, ಅರ್ಜಿದಾರರು ವಾಸಿಸುವ ಊರು, ಎದುರುದಾರರ ಊರು ಈ ಮೂರರಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಮಂಡಳಿಗಾದರೂ ಹೋಗಬಹುದು. ಹೊರ ಜಿಲ್ಲೆಯಲ್ಲಿ ಸತ್ತವರ ಮನೆಯವರು ಅಲ್ಲಿಗೇ ಅಲೆಯಬೇಕಿಲ್ಲ. ಮೇಲ್ಮನವಿ ಹೈಕೋರ್ಟಿಗೆ, ಬೆಳಗಾವಿ ಜಿಲ್ಲೆಯವರಿಗೆ ಅದು ಧಾರವಾಡ ಪೀಠ.

ಎರಡು ಪ್ರಕರಣಗಳ ಸಾಕ್ಷ್ಯದ ಅಳತೆಗೋಲೂ ಬೇರೆ. ಕ್ರಿಮಿನಲ್ ಪ್ರಕರಣದಲ್ಲಿ ಅಪರಾಧ ಸಂಶಯಾತೀತವಾಗಿ ಸಾಬೀತಾಗಬೇಕು. ನ್ಯಾಯಮಂಡಳಿಯಲ್ಲಿ 'ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು' ಎಂದು ಕಂಡುಬಂದರೆ ಸಾಕು. ಚಾಲಕ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬೀಳುವುದಿಲ್ಲ. ಪೊಲೀಸ್ ಕೇಸಿನ ತೀರ್ಪು ಬರಲಿ, ಆಮೇಲೆ ನೋಡೋಣ ಎಂದು ಕೂರುವ ಕುಟುಂಬ ಬೇಡದ ಕಾಯುವಿಕೆಯಲ್ಲಿ ಅವಧಿ ಕಳೆದುಕೊಳ್ಳುತ್ತದೆ.

ಅವಧಿಯ ಕಥೆಯನ್ನು ಇಲ್ಲಿಯೇ ಹೇಳಬೇಕು. 1988ರ ಮೂಲ ಕಾಯ್ದೆಯಲ್ಲಿ ಆರು ತಿಂಗಳ ಮಿತಿ ಇತ್ತು. 1994ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 2019ರ ತಿದ್ದುಪಡಿ ಕಲಂ 166(3)ರ ರೂಪದಲ್ಲಿ ಮತ್ತೆ ತಂದಿತು. ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂದರೆ ಚುಂಚನೂರಿನ ಅಪಘಾತಕ್ಕೆ ಕಾಯ್ದೆಯ ಅಕ್ಷರದಂತೆ 2023ರ ಜುಲೈ ಮೊದಲ ವಾರ ಕೊನೆಯ ಗಡುವು. ಈ ಮಿತಿಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ, ಅವಧಿ ಮೀರಿತೆಂಬ ಕಾರಣಕ್ಕೆ ಪರಿಹಾರದ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನು ನಂಬಿ ತಡಮಾಡುವುದು ಜಾಣತನವಲ್ಲ. ಆರು ತಿಂಗಳೆಂದೇ ಲೆಕ್ಕ ಹಿಡಿಯಬೇಕು.

ಇನ್ನೊಂದು ಕಡೆ ಎಚ್ಚರ ಬೇಕು. 2019ರ ತಿದ್ದುಪಡಿಯ ಕಲಂ 164, ಯಾರ ತಪ್ಪೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ ರೂಪಾಯಿ ಕೊಡಿಸುತ್ತದೆ. ಕೈಗೆ ಬೇಗ ಬರುವ ಹಣವೆಂದು ಮನಸ್ಸು ಅದರ ಕಡೆ ವಾಲುತ್ತದೆ. ಆದರೆ ಕಲಂ 149ರ ಕ್ರಮದಂತೆ ಆ ಹಣವನ್ನು ಒಪ್ಪಿ ಪಡೆದರೆ, ಕಲಂ 166ರಡಿಯ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ದುಡಿಯುವ ವಯಸ್ಸಿನವರು ತೀರಿಕೊಂಡ ಮನೆಯಲ್ಲಿ ಈ ಸಹಿಯ ಬೆಲೆ ಎಷ್ಟೆಂಬುದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ. ಗುದ್ದಿ ಪರಾರಿಯಾದ ವಾಹನ ಪತ್ತೆಯೇ ಆಗದಿದ್ದರೆ ದಾರಿ ಬೇರೆ: ಕಲಂ 161ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ ರೂಪಾಯಿ.

3. 'ಗೂಡ್ಸ್ ಗಾಡ್ಯಾಗ ಯಾಕ ಕುಂತಿದ್ರಿ?'

ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಕೇಳುವ ಪ್ರಶ್ನೆ ಇದು. ಇಡೀ ಪ್ರಕರಣ ತಿರುಗುವುದು ಇದರ ಉತ್ತರದ ಮೇಲೆ.

ಮೂರನೆಯವರ ಪ್ರಾಣಕ್ಕೆ ವಿಮೆ ಕಡ್ಡಾಯವೆನ್ನುವುದು ಕಲಂ 147. ಸರಕು ವಾಹನದಲ್ಲಿ ಕೂತವರ ಪೈಕಿ ಅದರ ರಕ್ಷಣೆ ಸರಕಿನ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಸಿಗುವಂತೆ 1994ರ ತಿದ್ದುಪಡಿ ಮಾತು ಸೇರಿಸಿತು. ಸುಮ್ಮನೆ ಹತ್ತಿದ ಪ್ರಯಾಣಿಕನ ಗತಿ ಏನು? ಸತ್ಪಾಲ್ ಸಿಂಗ್ ಪ್ರಕರಣದಲ್ಲಿ ಅವನಿಗೂ ವಿಮೆ ಉಂಟೆಂದ ಸುಪ್ರೀಂ ಕೋರ್ಟು, ಆಶಾ ರಾಣಿ ಪ್ರಕರಣದಲ್ಲಿ ಆ ನಿಲುವನ್ನು ತಳ್ಳಿಹಾಕಿತು. 2004ರ ಬಲ್ಜಿತ್ ಕೌರ್ ತೀರ್ಪು, ಹೊಣೆ ವಾಹನ ಮಾಲೀಕನದೇ ಎಂದು ಹೇಳಿ, ಆ ಪ್ರಕರಣದ ಮಟ್ಟಿಗೆ ಕಂಪನಿ ಮೊದಲು ಕುಟುಂಬಕ್ಕೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು. 2017ರ ಮನುವಾರಾ ಖಾತೂನ್ ತೀರ್ಪಿನಲ್ಲೂ ಈ 'ಕೊಟ್ಟು ವಸೂಲಿ ಮಾಡುವ' ಆದೇಶವೇ ಬಂತು. ವಿಮಾ ಕಂಪನಿ ಮೂರನೆಯವರಿಗೆ ಹಣ ಕೊಟ್ಟು ವಸೂಲಿ ಮಾಡಿಕೊಳ್ಳಬೇಕಾದ ಹೊಣೆಯನ್ನು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ 2020ರಲ್ಲಿ ಯಲ್ಲವ್ವ ಪ್ರಕರಣದಲ್ಲಿ ವಿಸ್ತಾರವಾಗಿ ಚರ್ಚಿಸಿತು.

ಇದರರ್ಥವನ್ನು ತೂಗಿ ಹೇಳಬೇಕು. ಗೂಡ್ಸ್ ಗಾಡಿಯ ಪ್ರಯಾಣಿಕರ ಪಾಲಿಗೆ 'ಕೊಟ್ಟು ವಸೂಲಿ' ತಾನಾಗಿ ಸಿಗುವ ಹಕ್ಕಲ್ಲ. ಅರ್ಜಿಯಲ್ಲಿ ಕೇಳಬೇಕು, ವಾದಿಸಬೇಕು. ಪಾಲಿಸಿಯ ಪ್ರತಿ ತರಿಸಿ ಅದರಲ್ಲಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಯಾರನ್ನು ಸೇರಿಸಲಾಗಿದೆ ಎಂದು ನೋಡಬೇಕು. ಏನೂ ದಕ್ಕದಿದ್ದರೆ ಪೂರ್ತಿ ಹೊಣೆ ಮಾಲೀಕ ಮತ್ತು ಚಾಲಕನ ಮೇಲೆ ಉಳಿಯುತ್ತದೆ. ಸಾಲ ಮಾಡಿ ಒಂದು ಗಾಡಿ ಕೊಂಡವನಿಂದ ಆರು ಮನೆಗಳ ಪರಿಹಾರ ವಸೂಲಿಯಾಗುವುದು ಎಷ್ಟು ಕಷ್ಟವೆಂದು ಹಳ್ಳಿಯವರಿಗೆ ಬೇರೆ ಹೇಳಬೇಕಿಲ್ಲ.

ಇಲ್ಲಿ ಒಂದು ವಿವರವನ್ನು ಹತ್ತಿರದಿಂದ ನೋಡೋಣ. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ದೇವಿಯ ಬುಟ್ಟಿಯಾದ ಪಡಲಗಿ ತುಂಬಿಸಲು ಬೇಕಾದ ಅಕ್ಕಿ, ಬೆಲ್ಲ, ಕಡಲೆಬೇಳೆ, ಪಾತ್ರೆ, ಹಾಸಿಗೆಯ ಗಂಟು ಎಲ್ಲ ಜೊತೆಗಿರುತ್ತವೆ. ಹಾಗಾದರೆ ಅವರು ಸರಕಿನ ಮಾಲೀಕರಲ್ಲವೇ? ಕಾಯ್ದೆಯ ಕಲಂ 2(13) 'ಸರಕು' ಎಂಬುದರಿಂದ ಪ್ರಯಾಣಿಕರ ಸ್ವಂತ ಸಾಮಾನನ್ನು ಹೊರಗಿಟ್ಟಿದೆ. ಆದ್ದರಿಂದ ಪಡಲಗಿಯ ಗಂಟು ಆ ವಾದಕ್ಕೆ ಆಧಾರವಾಗದು. ಸಂತೆಗೆ ಈರುಳ್ಳಿ ಚೀಲ ಏರಿಸಿ ತಾನೂ ಹತ್ತಿದ ರೈತನ ಸ್ಥಿತಿ ಬೇರೆ. ಅವನು ನಿಜಕ್ಕೂ ಸರಕಿನ ಮಾಲೀಕ. ಹಾಗೆಂದು ಇಲ್ಲದ ಚೀಲಗಳನ್ನು ಹೇಳಿಕೆಯಲ್ಲಿ ಹೇರಿಸಬಾರದು. ಪಂಚನಾಮೆಯಲ್ಲಿಲ್ಲದ ಚೀಲ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ಅದರ ಜೊತೆಗೆ ನಿಜ ಹೇಳಿದ ಸಾಕ್ಷಿಯ ಮಾತೂ ಬಿದ್ದುಹೋಗುತ್ತದೆ.

'ಗೂಡ್ಸ್ ಗಾಡಿ ಹತ್ತಿದ್ದೇ ಅವರ ತಪ್ಪು' ಎಂಬ ಮಾತು ಊರಲ್ಲೂ ಕೇಳುತ್ತದೆ, ಕೋರ್ಟಿನಲ್ಲೂ ಕೇಳುತ್ತದೆ. ಒಂದು ಬೈಕಿನ ಮೇಲೆ ಮೂವರು ಕೂತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದ್ದು ಇಲ್ಲಿ ನೆರವಿಗೆ ಬರುತ್ತದೆ: ನಿಯಮ ಮುರಿದದ್ದಕ್ಕೂ ಅಪಘಾತಕ್ಕೂ ಅಥವಾ ಅದರ ಪೆಟ್ಟಿಗೂ ಕಾರ್ಯಕಾರಣ ಸಂಬಂಧ ತೋರಿಸದ ಹೊರತು, ಬರೀ ನಿಯಮಭಂಗ ಸತ್ತವನ ನಿರ್ಲಕ್ಷ್ಯವಾಗದು. ಹಿಂದೆ ಕೂತವರು ಸ್ಟಿಯರಿಂಗ್ ಹಿಡಿದಿರಲಿಲ್ಲ.

4. ವಯಸ್ಸಿನ ಒಂದು ಸಾಲು

ಪರಿಹಾರದ ಮೊತ್ತ ನ್ಯಾಯಾಧೀಶರ ಮನಸ್ಸಿಗೆ ಬಂದಷ್ಟಲ್ಲ. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕ ಗುಣಕದ ಕೋಷ್ಟಕ ಕೊಟ್ಟಿದೆ. 2017ರ ಅಕ್ಟೋಬರ್ 31ರ ಪ್ರಣಯ್ ಸೇಥಿ ತೀರ್ಪು ಮುಂದಿನ ಗಳಿಕೆಯ ಪ್ರಮಾಣವನ್ನು ನಿಗದಿ ಮಾಡಿದೆ: ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಶೇ. 40, 40ರಿಂದ 50ರವರೆಗೆ ಶೇ. 25, 50ರಿಂದ 60ರವರೆಗೆ ಶೇ. 10.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ 34 ವರ್ಷದ ಕೃಷಿ ಕೂಲಿಕಾರ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನು ನಂಬಿದವರು. ವರ್ಷದ ದುಡಿಮೆ 1,44,000. ಶೇ. 40 ಸೇರಿಸಿದರೆ 2,01,600. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಪಾಲು ಕಳೆದರೆ 1,51,200. ಆ ವಯಸ್ಸಿಗೆ ಗುಣಕ 16. ಬರುವ ಮೊತ್ತ 24,19,200 ರೂಪಾಯಿ. ಒಡನಾಟ ಕಳೆದುಕೊಂಡದ್ದಕ್ಕೆ, ಅಂತ್ಯಕ್ರಿಯೆಗೆ ಮತ್ತು ಆಸ್ತಿನಷ್ಟಕ್ಕೆ ಕೊಡುವ ನಿಗದಿತ ಮೊತ್ತಗಳು ಇದರ ಮೇಲೆ. 2017ರಲ್ಲಿ ಇವು 40,000, 15,000 ಮತ್ತು 15,000 ಇದ್ದವು. ಮೂರು ವರ್ಷಕ್ಕೊಮ್ಮೆ ಶೇ. 10 ಏರಬೇಕೆಂಬುದು ಅದೇ ತೀರ್ಪಿನ ಮಾತು. ಒಡನಾಟದ ಮೊತ್ತ ಹೆಂಡತಿಗಷ್ಟೇ ಅಲ್ಲ, ಮಕ್ಕಳಿಗೂ ತಂದೆತಾಯಿಗೂ ಸಲ್ಲುತ್ತದೆಂದು 2018ರ ನಾನು ರಾಮ್ ತೀರ್ಪು ಹೇಳಿತು.

ಈಗ ಇದೇ ಮನುಷ್ಯನ ವಯಸ್ಸನ್ನು ಶವ ಪಂಚನಾಮೆಯಲ್ಲಿ 'ಅಂದಾಜು 42' ಎಂದು ಬರೆದರೆ? ಸೇರಿಸುವ ಪ್ರಮಾಣ ಶೇ. 25ಕ್ಕೆ ಇಳಿಯುತ್ತದೆ, ಗುಣಕ 14 ಆಗುತ್ತದೆ. ಮೊತ್ತ 18,90,000. ಒಂದು ಅಂದಾಜಿನಿಂದ ಮನೆಗೆ ಆದ ನಷ್ಟ 5,29,200 ರೂಪಾಯಿ. ಸರ್ಕಾರ ಘೋಷಿಸುವ ಪರಿಹಾರಕ್ಕಿಂತ ಅದು ಹೆಚ್ಚು.

ಆ ಸಾಲು ಬರೆಯುವ ಹೊತ್ತು ಹೇಗಿರುತ್ತದೆಂದು ನೆನೆಯಬೇಕು. ಆಸ್ಪತ್ರೆಯ ಶವಾಗಾರದ ಮುಂದೆ ಬೆಳಗಿನ ಜಾವ. ಹೆಣ ಗುರುತಿಸಲು ಬಂದ ದೂರದ ಸಂಬಂಧಿಕರನ್ನು ಪೊಲೀಸರು ಕೇಳುತ್ತಾರೆ: ವಯಸ್ಸೆಷ್ಟು? ಅಳುವಿನ ನಡುವೆ ಯಾರೋ 'ನಲವತ್ತರ ಸುಮಾರು ಇರಬೇಕ್ರಿ' ಎನ್ನುತ್ತಾರೆ. ಆ ಮಾತು ಪಂಚನಾಮೆಗೆ ಹೋಗುತ್ತದೆ, ಅಲ್ಲಿಂದ ಮರಣೋತ್ತರ ಪರೀಕ್ಷೆಯ ವರದಿಗೆ, ಅಲ್ಲಿಂದ ದೋಷಾರೋಪ ಪಟ್ಟಿಗೆ. ಇದನ್ನು ಆಮೇಲೆ ತಿದ್ದಲು ದಾಖಲೆ ಬೇಕು. ಆಧಾರ್ ಕಾರ್ಡು ಜನ್ಮದಿನಾಂಕದ ಪುರಾವೆ ಅಲ್ಲವೆಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಹೇಳಿ, ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ ಮನ್ನಣೆ ಕೊಟ್ಟಿತು. ಹಳೆಯ ಕನ್ನಡ ಶಾಲೆಯ ದಾಖಲಾತಿ ಪುಸ್ತಕದ ಒಂದು ಉತಾರ ಲಕ್ಷಾಂತರ ರೂಪಾಯಿಯ ಕಾಗದವಾಗುವುದು ಹೀಗೆ.

ದುಡಿಮೆಯ ಪುರಾವೆಯ ಕಥೆಯೂ ಅಂಥದ್ದೇ. ಕೂಲಿಗೆ ರಸೀದಿ ಇರುವುದಿಲ್ಲ. ಪುರಾವೆ ಇಲ್ಲದಾಗ ಕರ್ನಾಟಕದ ನ್ಯಾಯಾಲಯಗಳು ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಕಾಲ್ಪನಿಕ ಆದಾಯದ ಕೋಷ್ಟಕವನ್ನು ಆಧರಿಸುತ್ತವೆ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದವರ ಮನೆಯಲ್ಲಿ ಡೇರಿಯ ಹಾಲಿನ ಪುಸ್ತಕ, ಕಬ್ಬಿನ ಬಿಲ್ಲು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಸ್ವಸಹಾಯ ಸಂಘದ ಪಾಸ್‌ಬುಕ್ಕು ಕಾದಿಡಬೇಕಾದ ಕಾಗದಗಳು. ತೀರಿಕೊಂಡವಳು ಗೃಹಿಣಿಯಾದರೆ 'ಅವಳಿಗೆ ದುಡಿಮೆ ಇರಲಿಲ್ಲ' ಎಂದು ಹೇಳಿಕೆ ಕೊಡುವುದು ತಪ್ಪು. ಮನೆಗೆಲಸಕ್ಕೂ ಆದಾಯದ ಬೆಲೆ ಕಟ್ಟಬೇಕೆಂದು 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಜಾತ್ರೆಯ ಗಾಡಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚಿರುತ್ತಾರಾದ್ದರಿಂದ ಈ ಮಾತಿಗೆ ನಮ್ಮ ಸೀಮೆಯಲ್ಲಿ ವಿಶೇಷ ತೂಕವಿದೆ.

5. ರಸ್ತೆಯಾಚೆಯ ಸಾವು

ಎಲ್ಲ ನಿರ್ಲಕ್ಷ್ಯವೂ ಗಾಲಿಯ ಮೇಲಿರುವುದಿಲ್ಲ. 2022ರ ಅಕ್ಟೋಬರಿನಲ್ಲಿ ಇದೇ ತಾಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು, ಸಾವುಗಳೂ ಸಂಭವಿಸಿದವು. 2014ರ ಆಗಸ್ಟಿನಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿಯಲ್ಲಿ, 2017ರ ಏಪ್ರಿಲಿನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಬಾಯಿ ತೆರೆದ ಕೊಳವೆಬಾವಿಗಳಿಗೆ ಬಿದ್ದು ಪುಟ್ಟ ಮಕ್ಕಳು ಸತ್ತರು. ಪಾಳುಬಿದ್ದ ಕೊಳವೆಬಾವಿಯನ್ನು ತಳದಿಂದ ಮೇಲಿನವರೆಗೆ ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಆದೇಶಿಸಿತ್ತು.

ಇಂಥ ಸಾವುಗಳಿಗೆ 1855ರ ಮಾರಣಾಂತಿಕ ಅಪಘಾತ ಕಾಯ್ದೆ ಇಂದಿಗೂ ಜೀವಂತ ದಾರಿ. ಬ್ರಿಟನ್ನಿನಲ್ಲಿ 1846ರಲ್ಲಿ ಬಂದ ಕಾಯ್ದೆಯ ಮಾದರಿಯಲ್ಲಿ ರೂಪುಗೊಂಡ ಇದು, ಇನ್ನೊಬ್ಬರ ತಪ್ಪಿನಿಂದ ಸತ್ತವರ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳ ಪರವಾಗಿ ಸಿವಿಲ್ ದಾವೆಗೆ ಅವಕಾಶ ಕೊಡುತ್ತದೆ. ಕಾಲಮಿತಿ ಸಾವಿನ ದಿನದಿಂದ ಎರಡು ವರ್ಷ. ಹೊಲದಲ್ಲಿ ಹರಿದುಬಿದ್ದ ವಿದ್ಯುತ್ ತಂತಿ ತುಳಿದು ಸತ್ತರೆ ಕುಟುಂಬದ ಭಾರ ಇನ್ನೂ ಕಡಿಮೆ. 2002ರ ಶೈಲ್ ಕುಮಾರಿ ತೀರ್ಪಿನ ಪ್ರಕಾರ ಅಪಾಯದ ವಸ್ತುವನ್ನು ಪೂರೈಸುವ ವಿದ್ಯುತ್ ಸಂಸ್ಥೆ, ತನ್ನ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಹೊಣೆಗಾರ. ವಿದ್ಯುತ್ ಕಾಯ್ದೆ, 2003ರ ಕಲಂ 161 ಇಂಥ ಅಪಘಾತದ ವರದಿ ಮತ್ತು ವಿಚಾರಣೆಗೆ ವ್ಯವಸ್ಥೆ ಮಾಡಿದೆ. ವಿದ್ಯುತ್ ಪರಿವೀಕ್ಷಕರ ಆ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಲ್ಲಿಯೂ ಎರಡು ವರ್ಷದ ಮಿತಿ.

ಕೆಲಸಕ್ಕೆ ಹೋಗುವಾಗಿನ ಸಾವು ಇನ್ನೊಂದು ಬಗೆ. 2022ರ ಜೂನ್ 26ರಂದು ರೈಲ್ವೆ ಕಾಮಗಾರಿಗೆ ಕೂಲಿಕಾರರನ್ನು ಒಯ್ಯುತ್ತಿದ್ದ ವಾಹನ ಬೆಳಗಾವಿ ಸಮೀಪ ಹಳ್ಳಕ್ಕೆ ಉರುಳಿ ಕನಿಷ್ಠ ಏಳು ಜನ ಸತ್ತರು. ಇಂಥಲ್ಲಿ ವಾಹನದ ವಿಮೆಯ ಜೊತೆಗೆ ಗುತ್ತಿಗೆದಾರನ ಹೊಣೆಯನ್ನೂ ನೋಡಬೇಕು. 1923ರ ನೌಕರರ ಪರಿಹಾರ ಕಾಯ್ದೆ ಹಾಕಿದ ಈ ದಾರಿ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರೊಳಗೆ ಸೇರಿದೆ. ಒಂದೇ ಸಾವಿಗೆ ಎರಡೂ ಕಡೆ ಹಣ ಪಡೆಯಲಾಗದು. ಯಾವುದು ಲಾಭಕರವೆಂದು ವಕೀಲರ ಜೊತೆ ಕೂತು ಲೆಕ್ಕ ಹಾಕಿಯೇ ಆರಿಸಬೇಕು.

6. ಮೊದಲ ತಿಂಗಳಲ್ಲಿ ಮಾಡಬೇಕಾದ್ದು

ಮೋಟಾರು ವಾಹನ ನಿಯಮಗಳ 2022ರ ತಿದ್ದುಪಡಿಯಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಇವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 2022ರ ಡಿಸೆಂಬರ್ 15ರಂದು, ಚುಂಚನೂರಿನ ರಾತ್ರಿಗೆ ಮೂರು ವಾರ ಮೊದಲು. ಈ ವರದಿಗಳ ಪ್ರತಿ ಕೇಳುವುದು ಕುಟುಂಬದ ಹಕ್ಕು. ಎಫ್‌ಐಆರ್ ಪ್ರತಿ ಉಚಿತ. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನದೊಳಗೆ ತಿಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ.

ವಾಹನದ ನೋಂದಣಿ ಪತ್ರ, ಚಾಲಕನ ಲೈಸೆನ್ಸು, ವಿಮಾ ಪಾಲಿಸಿ ಈ ಮೂರರ ಪ್ರತಿಗಳು ಅರ್ಜಿಗೆ ಬೇಕೇ ಬೇಕು. ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ಕನ್ನೂ ತೆರೆದು ನೋಡಬೇಕು. ಮೇ-ಜೂನ್ ಹೊತ್ತಿಗೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ಇರಬಹುದು. ಅಪಘಾತದ ಸಾವಿಗೆ ಅದರಲ್ಲಿ 2 ಲಕ್ಷ ರೂಪಾಯಿ ಇದೆ. ಜೀವವಿಮೆಯ ಹಣ ಬಂದಿತೆಂದು ನ್ಯಾಯಮಂಡಳಿಯ ಪರಿಹಾರದಲ್ಲಿ ಅದನ್ನು ಕಡಿತ ಮಾಡುವಂತಿಲ್ಲ ಎಂಬುದು 1998ರ ಹೆಲೆನ್ ರೆಬೆಲೊ ತೀರ್ಪಿನಿಂದ ನೆಲೆಗೊಂಡ ತತ್ವ.

ವಕೀಲರ ಖರ್ಚಿನ ಭಯವನ್ನೂ ಬಿಡಬೇಕು. ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ, 1987ರ ಕಲಂ 12ರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ತಾಯಿಯನ್ನು ಕಳೆದುಕೊಂಡ ಮಗು ಇಬ್ಬರೂ ಇದಕ್ಕೆ ಅರ್ಹರು. ತಾಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100.

7. ಕೊನೆಯ ಮಾತು

ಕಾನೂನು ಈ ಕುಟುಂಬಗಳ ಕೈಬಿಟ್ಟಿಲ್ಲ. ನ್ಯಾಯಾಲಯಗಳು ಮೂವತ್ತು ವರ್ಷಗಳಿಂದ ಲೆಕ್ಕದ ಹಾದಿಯನ್ನು ಒಂದೊಂದೇ ಕಲ್ಲಿಟ್ಟು ಸಮ ಮಾಡುತ್ತ ಬಂದಿವೆ. ಗೂಡ್ಸ್ ಗಾಡಿಯ ಬಡ ಪ್ರಯಾಣಿಕನ ವಿಷಯದಲ್ಲಿ ಮಾತ್ರ ಹಾದಿ ಇನ್ನೂ ಸಮವಾಗಿಲ್ಲ. ಕುಟುಂಬಕ್ಕೆ ಮೊದಲು ಹಣ ತಲುಪಲಿ, ವಸೂಲಿಯ ಜಗಳ ಕಂಪನಿ ಮತ್ತು ಮಾಲೀಕರ ನಡುವೆ ಇರಲಿ ಎಂಬುದನ್ನು ಶಾಸನವೇ ಬಿಚ್ಚಿ ಹೇಳಬೇಕು. ಅದು ಸಂಸತ್ತಿನ ಕೆಲಸ.

ಊರಿನವರ ಕೈಯಲ್ಲಿ ಆಗುವ ಕೆಲಸ ಅದಕ್ಕಿಂತ ಹತ್ತಿರದ್ದು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಬ್ಬರಾದರೂ, ಸಾವಿನ ಮನೆಗೆ ಮಾತನಾಡಿಸಲು ಹೋದಾಗ ಶಾಲೆಯ ಉತಾರ ಎಲ್ಲಿದೆ, ಪಾಸ್‌ಬುಕ್ಕು ಎಲ್ಲಿದೆ, ಆರು ತಿಂಗಳು ಯಾವತ್ತಿಗೆ ತುಂಬುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಲಿ. ಶವಾಗಾರದ ಮುಂದೆ ವಯಸ್ಸು ಕೇಳಿದಾಗ 'ಅಂದಾಜು' ಎನ್ನುವ ಬದಲು 'ಸಾಲಿ ದಾಖಲೆ ನೋಡಿ ಹೇಳ್ತೀವ್ರಿ' ಎನ್ನುವವರು ಒಬ್ಬರಿದ್ದರೆ, ಆ ಮನೆಯ ಮಕ್ಕಳ ಮುಂದಿನ ಹತ್ತು ವರ್ಷದ ಓದು ಅಲ್ಲಿಗೇ ಅರ್ಧ ಉಳಿಯುತ್ತದೆ.